ದಶಮಾಂಶ, ಅಡವಿಟ್ಟ ಸರ ಮತ್ತು ತಾಯಿಯ ಔಷಧಿ: ಒಬ್ಬ ಸಹೋದರಿಯ ಪ್ರಶ್ನೆಗೆ ಉತ್ತರ

ಪ್ರಶ್ನೆ: ಅಯ್ಯನವರಿಗೆ ವಂದನೆಗಳು. ನಾನು ಹುಬ್ಬಳ್ಳಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್. ಪಿಎಫ್ ಕಳೆದು ಕೈಗೆ ಬರುವುದು 24,000 ರೂಪಾಯಿ. ನಮ್ಮ ಯಜಮಾನರು ಗೂಡ್ಸ್ ಗಾಡಿ ಓಡಿಸುತ್ತಾರೆ. ಗಾಡಿಯ ಕಂತು ತಿಂಗಳಿಗೆ 9,000. ಊರಲ್ಲಿರುವ ತಾಯಿಗೆ ಸಕ್ಕರೆ ಕಾಯಿಲೆ ಇದ್ದು ಕಿಡ್ನಿಯೂ ಸೋತಿದೆ. ಅವರ ಔಷಧಿಗೆಂದು ತಿಂಗಳಿಗೆ 4,000 ನಾನೇ ಕಳಿಸುತ್ತೇನೆ. ನಾನು ಹುಟ್ಟಿ ಬೆಳೆದದ್ದು ಸಿಎಸ್‌ಐ (ದಕ್ಷಿಣ ಭಾರತ ಸಭೆ) ಸಭೆಯಲ್ಲಿ. ಕೆಲವು ವರ್ಷಗಳಿಂದ ಮನೆಯ ಹತ್ತಿರದ ಒಂದು ಪ್ರಾರ್ಥನಾ ಸಭೆಗೆ ಹೋಗುತ್ತಿದ್ದೇವೆ. ಸಂಬಳದ ಹತ್ತರಲ್ಲೊಂದು ಪಾಲು ಕೊಡದವರು ದೇವರ ಹಣ ಕದ್ದವರು ಎಂದು ಅಲ್ಲಿ ಬೋಧಿಸುತ್ತಾರೆ. ಕಳೆದ ವರ್ಷ ಕಟ್ಟಡದ ನಿಧಿಗೆ 50,000 ಕೊಡುವುದಾಗಿ ವಾಗ್ದಾನದ ಚೀಟಿಯಲ್ಲಿ ಬರೆದೆ. ಯಜಮಾನರಿಗೆ ತಿಳಿಸದೆ ಸರ ಅಡವಿಟ್ಟು 30,000 ಕೊಟ್ಟೆ. 20,000 ಬಾಕಿ ಇದೆ. ಈಗ ಮಗ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದಾನೆ. ಹರಕೆ ಉಳಿಸಿಕೊಂಡದ್ದರಿಂದಲೇ ನುಂಗುವವನು ಮನೆಯೊಳಗೆ ಬಂದ ಎಂದು ಪಾಸ್ಟರ್ ಹೇಳಿದರು. ನಾನು ದೇವರಿಗೆ ಮೋಸ ಮಾಡಿದ್ದೇನೆಯೇ? ದಶಮಾಂಶ ಲೆಕ್ಕ ಹಾಕಬೇಕಾದದ್ದು ಪೂರ್ತಿ ಸಂಬಳದ ಮೇಲೋ, ಕೈಗೆ ಬಂದದ್ದರ ಮೇಲೋ? ತಾಯಿಗೆ ಕಳಿಸುವ ಹಣ ದಶಮಾಂಶದಲ್ಲಿ ಸೇರುತ್ತದೆಯೇ? ಬಾಕಿ ಹಣಕ್ಕೆ ಬಳೆಗಳನ್ನೂ ಅಡವಿಡಬೇಕೇ?

ಉತ್ತರ: ಸಹೋದರಿಯವರೇ, ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿದ್ದರೂ ಅವೆಲ್ಲದರ ಅಡಿಯಲ್ಲಿರುವುದು ಒಂದೇ ಭಯ. ನೀವು ಕೊಡದೆ ಉಳಿಸಿಕೊಂಡ ಹಣಕ್ಕಾಗಿ ನಿಮ್ಮ ಮಗನ ಕಾಲು ಮುರಿಯಿತೇ ಎಂಬುದೇ ಆ ಭಯ. ಆದಕಾರಣ ಲೆಕ್ಕದ ಮಾತಿಗೆ ಮುಂಚೆ ಅದನ್ನೇ ಎತ್ತಿಕೊಳ್ಳುತ್ತೇನೆ. ಸಿಲೋವದಲ್ಲಿ ಬುರುಜು ಬಿದ್ದು 18 ಮಂದಿ ಸತ್ತಾಗ, ಅವರು ಯೆರೂಸಲೇಮಿನ ಉಳಿದವರೆಲ್ಲರಿಗಿಂತ ಹೆಚ್ಚು ಅಪರಾಧಿಗಳೆಂದು ನೆನಸಬೇಡಿರಿ ಎಂದು ಯೇಸುವೇ ಹೇಳಿದ್ದನ್ನು ಲೂಕನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ ಓದುತ್ತೇವೆ. ಹುಟ್ಟು ಕುರುಡನೊಬ್ಬನನ್ನು ಕಂಡ ಶಿಷ್ಯರು ಯಾರ ಪಾಪದಿಂದ ಹೀಗಾಯಿತು, ಇವನದೋ ತಂದೆತಾಯಿಯದೋ ಎಂದು ಕೇಳಿದಾಗಲೂ ಆತನು ಆ ಎರಡು ಕಾರಣಗಳನ್ನೂ ತಳ್ಳಿಹಾಕಿದನು. ಒಂದು ಅಪಘಾತವನ್ನು ಒಂದು ಪಾಪಕ್ಕೆ ನೇರವಾಗಿ ಕಟ್ಟುವ ಅಧಿಕಾರವನ್ನು ಕರ್ತನು ಯಾರಿಗೂ ಕೊಟ್ಟಿಲ್ಲ. ಕಾಲಿಗೆ ಕಟ್ಟು ಹಾಕಿಸಿಕೊಂಡು ಮಲಗಿರುವ ಹುಡುಗನ ತಾಯಿಗೆ, ಬಾಕಿ ಹಣದ ಕಾರಣದಿಂದಲೇ ಇದಾಯಿತು ಎಂದು ಹೇಳುವುದಂತೂ ಸುವಾರ್ತೆಯ ಮಾತಲ್ಲ. ನಿಮ್ಮ ಮಗನ ಕಾಲಿಗೂ ಕಟ್ಟಡದ ನಿಧಿಗೂ ಸಂಬಂಧವಿಲ್ಲ. ಇಷ್ಟು ವರ್ಷ ಸಭಾಪಾಲಕನಾಗಿ ರೋಗಿಗಳ ಮತ್ತು ಸಾಯುತ್ತಿರುವವರ ಪಕ್ಕದಲ್ಲಿ ಕುಳಿತವನಾಗಿ ಇದನ್ನು ಯಾವ ಸಂಕೋಚವೂ ಇಲ್ಲದೆ ಹೇಳುತ್ತೇನೆ.

ಇನ್ನು ನಿಮ್ಮ ಮುಂದೆ ಇಟ್ಟ ವಚನಕ್ಕೆ ಬರೋಣ. ಮಲಾಕಿಯನ ಮೂರನೆಯ ಅಧ್ಯಾಯದಲ್ಲಿ, ದಶಮಾಂಶವನ್ನೂ ಕಾಣಿಕೆಯನ್ನೂ ತಡೆಹಿಡಿದು ನನ್ನಿಂದ ಕದ್ದುಕೊಂಡಿದ್ದೀರಿ ಎಂದು ದೇವರು ಇಸ್ರಾಯೇಲ್ಯರಿಗೆ ಹೇಳುವುದು ನಿಜ. ಆ ಮಾತಿನ ಬಿಸಿಯನ್ನು ನಾನು ಆರಿಸಲಾರೆ. ಆದರೆ ಅದು ಯಾರ ಕುರಿತು, ಯಾವ ಸಂದರ್ಭದಲ್ಲಿ ಬಂದ ಮಾತು ಎಂಬುದನ್ನು ಬಿಟ್ಟು ಅದನ್ನು ಬೋಧಿಸಬಾರದು. ಲೇವಿಯರಿಗೆ ಉಳಿದ ಕುಲಗಳಂತೆ ಭೂಮಿಯ ಪಾಲು ಇರಲಿಲ್ಲ. ದೇವಾಲಯದ ಸೇವೆಯೇ ಅವರ ಕೆಲಸವಾದ್ದರಿಂದ ಜನರ ದಶಮಾಂಶವೇ ಅವರ ಜೀವನಾಧಾರವೆಂದು ಅರಣ್ಯಕಾಂಡದ 18ನೆಯ ಅಧ್ಯಾಯ ಹೇಳುತ್ತದೆ. ಅವರೂ ತಮಗೆ ಬಂದುದರ ಹತ್ತನೆಯ ಒಂದು ಭಾಗವನ್ನು ಯಾಜಕರಿಗೆ ಕೊಡಬೇಕಾಗಿತ್ತು. ಜನರು ಕೊಡುವುದನ್ನು ನಿಲ್ಲಿಸಿದಾಗ ಏನಾಯಿತು ಎಂಬುದನ್ನು ನೆಹೆಮೀಯನ 13ನೆಯ ಅಧ್ಯಾಯದಲ್ಲಿ ಕಾಣಬಹುದು: ಲೇವಿಯರು ಸೇವೆ ಬಿಟ್ಟು ಹೊಟ್ಟೆಪಾಡಿಗಾಗಿ ಹೊಲಗಳಿಗೆ ಹೋದರು, ಉಗ್ರಾಣದ ಕೋಣೆಗಳು ಬರಿದಾದವು. ಮಲಾಕಿಯನು ಹೇಳುವ ಭಂಡಾರವು ಧಾನ್ಯ, ದ್ರಾಕ್ಷಾರಸ, ಎಣ್ಣೆಗಳನ್ನು ಕೂಡಿಡುತ್ತಿದ್ದ ಆ ಕೋಣೆಗಳೇ. ನಿಮ್ಮ ಪಾಸ್ಟರ್ ಹೇಳಿದ ನುಂಗುವವನ ಮಾತೂ ಈ ಅಧ್ಯಾಯದ್ದೇ; ಅದು ಬಂದ ಕಡೆಯಲ್ಲೇ ಭೂಮಿಯ ಬೆಳೆ, ತೋಟದ ದ್ರಾಕ್ಷಿ ಎಂಬ ಮಾತುಗಳಿವೆ. ಅಲ್ಲಿರುವುದು ಬೆಳೆ ತಿನ್ನುವ ಹುಳದ ಚಿತ್ರವೇ ಹೊರತು ರಸ್ತೆಯಲ್ಲಿ ಹುಡುಗರನ್ನು ಬೀಳಿಸುವ ಶಕ್ತಿಯೊಂದರ ಚಿತ್ರವಲ್ಲ. ಮತ್ತೊಂದು ಮಾತನ್ನು ನಮ್ಮ ಬೋಧಕರು ಹೆಚ್ಚಾಗಿ ದಾಟಿಹೋಗುತ್ತಾರೆ. ಅದೇ ಅಧ್ಯಾಯದ ಐದನೆಯ ವಚನದಲ್ಲಿ, ಕೂಲಿಯಾಳಿನ ಸಂಬಳವನ್ನು ಹಿಡಿಯುವವರ, ವಿಧವೆಯನ್ನೂ ಅನಾಥನನ್ನೂ ಬಾಧಿಸುವವರ ವಿರುದ್ಧ ತಾನೇ ಸಾಕ್ಷಿಯಾಗುವುದಾಗಿ ದೇವರು ಹೇಳುತ್ತಾನೆ. ಕದ್ದುಕೊಂಡಿದ್ದೀರಿ ಎನ್ನುವ ಎಂಟನೆಯ ವಚನವನ್ನು ಬೋಧಿಸುವವರು ಐದನೆಯದರಿಂದ ಆರಂಭಿಸಬೇಕು.

ಹಳೆಯ ಒಡಂಬಡಿಕೆಯ ದಶಮಾಂಶ ಇಂದಿನ ಸಂಬಳದ ಶೇಕಡಾ 10ರಷ್ಟು ಸರಳವಾದ ಲೆಕ್ಕವೂ ಆಗಿರಲಿಲ್ಲ. ಮೋಶೆಯ ಧರ್ಮಶಾಸ್ತ್ರ ಹೆಸರಿಸುವುದು ಹೊಲದ ಬೆಳೆಯನ್ನು, ಮರದ ಹಣ್ಣನ್ನು, ದನಕುರಿಗಳನ್ನು. ಹಿಂಡಿನಲ್ಲಿ ಕುರುಬನ ಕೋಲಿನ ಕೆಳಗೆ ಹಾದುಹೋಗುವ ಹತ್ತನೆಯ ಪ್ರಾಣಿ ಕರ್ತನದು ಎಂದು ಯಾಜಕಕಾಂಡದ 27ನೆಯ ಅಧ್ಯಾಯ ಹೇಳುತ್ತದೆ. ಒಂಬತ್ತೇ ಕುರಿಗಳಿದ್ದವನ ಹಿಂಡಿನಲ್ಲಿ ಹತ್ತನೆಯದು ಬರುವುದೇ ಇಲ್ಲ. ಧರ್ಮೋಪದೇಶಕಾಂಡದ 14ನೆಯ ಅಧ್ಯಾಯದಲ್ಲಿ ಹತ್ತರಲ್ಲೊಂದು ಪಾಲನ್ನು ಕುಟುಂಬದವರೇ ದೇವರ ಸನ್ನಿಧಿಗೆ ಕೊಂಡೊಯ್ದು, ಅಲ್ಲಿ ಉಂಡು ಸಂತೋಷಪಡಬೇಕೆಂಬ ಆಜ್ಞೆ ಇದೆ. ಮೂರು ವರ್ಷಕ್ಕೊಮ್ಮೆ ಆ ಪಾಲನ್ನು ಊರ ಬಾಗಿಲಲ್ಲೇ ಇಟ್ಟು, ಲೇವಿಯನೂ ಪರದೇಶಿಯೂ ತಾಯಿತಂದೆಯಿಲ್ಲದವನೂ ವಿಧವೆಯೂ ಬಂದು ತೃಪ್ತಿಯಾಗಿ ಉಣ್ಣುವಂತೆ ಮಾಡಬೇಕೆಂಬ ಆಜ್ಞೆಯೂ ಇದೆ. ಇವೆಲ್ಲವನ್ನೂ ಬೇರೆ ಬೇರೆಯಾಗಿ ಎಣಿಸುವವರಿಗೆ ಒಟ್ಟು ಪಾಲು ಶೇಕಡಾ 20ನ್ನೂ ಮೀರುತ್ತದೆ. ಹೀಗಿರುವಾಗ ದಶಮಾಂಶವೆಂದರೆ ಶೇಕಡಾ 10 ಮಾತ್ರ, ಅದು ನಗದಾಗಿಯೇ ಇರಬೇಕು, ಅದೂ ಒಂದೇ ಸಭೆಯ ಪೆಟ್ಟಿಗೆಗೇ ಬೀಳಬೇಕು ಎಂಬ ಬೋಧನೆಗೆ ಬೈಬಲಿನಲ್ಲಿ ಹೇಳಿಕೊಳ್ಳುವಷ್ಟು ಆಧಾರವಿಲ್ಲ.

ನ್ಯಾಯವಾಗಿ ಎದುರು ಪಕ್ಷದ ಮಾತನ್ನೂ ಹೇಳಬೇಕು. ಮೋಶೆಯ ಧರ್ಮಶಾಸ್ತ್ರ ಬರುವುದಕ್ಕೆ ಎಷ್ಟೋ ಮೊದಲೇ ಅಬ್ರಾಮನು ಯಾಜಕನಾದ ಮೆಲ್ಕಿಜೆದೇಕನಿಗೆ ಹತ್ತರಲ್ಲೊಂದು ಪಾಲು ಕೊಟ್ಟನು. ಪುದೀನ, ಜೀರಿಗೆಗಳಲ್ಲೂ ದಶಮಾಂಶ ಕೊಡುತ್ತಿದ್ದ ಫರಿಸಾಯರೆಂಬ ಕಟ್ಟುನಿಟ್ಟಿನ ಯೆಹೂದ್ಯ ಪಂಗಡದವರಿಗೆ ಯೇಸು, ನ್ಯಾಯವನ್ನೂ ಕರುಣೆಯನ್ನೂ ನಂಬಿಕೆಯನ್ನೂ ಅನುಸರಿಸಬೇಕಾಗಿತ್ತು, ದಶಮಾಂಶವನ್ನೂ ಬಿಡಬಾರದಾಗಿತ್ತು ಎಂದನು. ಈ ಎರಡು ಆಧಾರಗಳಿಂದ ಅನೇಕ ಭಕ್ತ ಕುಟುಂಬಗಳು ದಶಮಾಂಶವನ್ನು ತಲೆಮಾರುಗಳಿಂದ ಸಂತೋಷದಿಂದ ಪಾಲಿಸುತ್ತ ಬಂದಿವೆ. ಅವರ ಮಕ್ಕಳು ಸಂಬಳ ಬಂದ ದಿನವೇ ಮೊದಲ ಪಾಲನ್ನು ಲಕೋಟೆಯಲ್ಲಿಡುವುದನ್ನು ಕಂಡು ನಾನು ದೇವರನ್ನು ಸ್ತುತಿಸಿದ್ದೇನೆ. ಒಂದು ಅಭ್ಯಾಸವಾಗಿ, ಸ್ವಇಚ್ಛೆಯ ಅಳತೆಗೋಲಾಗಿ ದಶಮಾಂಶ ಒಳ್ಳೆಯದೇ. ಆದರೆ ಅಬ್ರಾಮನು ಕೊಟ್ಟದ್ದು ಯುದ್ಧದ ಕೊಳ್ಳೆಯಿಂದ, ಒಂದು ಸಲ. ಫರಿಸಾಯರಿಗೆ ಯೇಸು ಆಡಿದ ಮಾತು ಇನ್ನೂ ದೇವಾಲಯವಿದ್ದ ಕಾಲದ, ಧರ್ಮಶಾಸ್ತ್ರದ ಕೆಳಗಿದ್ದ ಜನರಿಗೆ ಆಡಿದ ಮಾತು. ಅನ್ಯಜನರಿಂದ, ಅಂದರೆ ಯೆಹೂದ್ಯರಲ್ಲದವರಿಂದ ಬಂದ ಸಭೆಗಳಿಗೆ ಅಪೊಸ್ತಲನಾದ ಪೌಲನು ಹಣದ ವಿಷಯವಾಗಿ ಎರಡು ಪೂರ್ತಿ ಅಧ್ಯಾಯಗಳನ್ನು, ಅಂದರೆ ಎರಡನೆಯ ಕೊರಿಂಥದ 8 ಮತ್ತು 9ನ್ನು ಬರೆದಾಗ, ಹತ್ತು ಎಂಬ ಸಂಖ್ಯೆಯನ್ನು ಒಮ್ಮೆಯೂ ಬಳಸಲಿಲ್ಲ. ಯೆರೂಸಲೇಮಿನ ಬಡ ವಿಶ್ವಾಸಿಗಳಿಗಾಗಿ ಹಣ ಕೂಡಿಸುತ್ತಿದ್ದ ಅವನಿಗೆ ಆ ಸಂಖ್ಯೆ ಬಹಳ ಅನುಕೂಲವಾಗುತ್ತಿತ್ತು. ಆದರೂ ಅವನು ಬೇರೆ ಅಳತೆಯನ್ನೇ ಹಿಡಿದನು. ಪ್ರತಿಯೊಬ್ಬನು ತನ್ನ ಹೃದಯದಲ್ಲಿ ನಿಶ್ಚಯಿಸಿಕೊಂಡಷ್ಟು ಕೊಡಲಿ, ದುಃಖದಿಂದಲ್ಲ, ಬಲವಂತದಿಂದಲ್ಲ ಎಂಬುದು ಒಂದು ಮಾತು. ಇನ್ನೊಂದು ಮಾತು ನಿಮ್ಮ ಅಡವಿನ ಚೀಟಿಗೆ ನೇರವಾಗಿ ತಾಗುತ್ತದೆ: ಕೊಡುವ ಮನಸ್ಸಿದ್ದರೆ ಒಬ್ಬನಲ್ಲಿ ಏನಿದೆಯೋ ಅದಕ್ಕೆ ತಕ್ಕಂತೆ ಅದು ಸ್ವೀಕೃತವಾಗುತ್ತದೆಯೇ ಹೊರತು ಇಲ್ಲದ್ದಕ್ಕೆ ತಕ್ಕಂತಲ್ಲ. ಸಾಲದ ಹಣ ನಿಮ್ಮಲ್ಲಿ ಇರುವ ಹಣವಲ್ಲ.

ಮಕೆದೋನ್ಯದ ಸಭೆಗಳು ಕಡು ಬಡತನದಲ್ಲೂ ಶಕ್ತಿ ಮೀರಿ ಕೊಟ್ಟವಲ್ಲ ಎಂದು ನೀವು ಕೇಳಬಹುದು. ಕೊಟ್ಟದ್ದು ನಿಜ. ಆದರೆ ಅವರು ತಾವಾಗಿಯೇ ಮುಂದೆ ಬಂದು, ಈ ಸೇವೆಯಲ್ಲಿ ತಮಗೂ ಪಾಲು ಬೇಕೆಂದು ಬೇಡಿಕೊಂಡರೆಂದು ಪೌಲನು ಬರೆಯುತ್ತಾನೆ; ಅವರ ಮೇಲೆ ಶಾಪದ ಭಯ ಹೊರಿಸಿದವರು ಯಾರೂ ಇರಲಿಲ್ಲ. ಎರಡನೆಯ ಕೊರಿಂಥದ 8ನೆಯ ಅಧ್ಯಾಯದ 13ನೆಯ ವಚನದಲ್ಲಿ ಪೌಲನು, ಬೇರೆಯವರಿಗೆ ಸುಲಭವಾಗಿ ನಿಮಗೆ ಕಷ್ಟವಾಗಲಿ ಎಂಬುದು ನನ್ನ ಉದ್ದೇಶವಲ್ಲ, ಸಮಾನತೆ ಇರಬೇಕೆಂಬುದೇ ಉದ್ದೇಶ ಎನ್ನುತ್ತಾನೆ. ಎರಡನೆಯ ಶತಮಾನದ ಮಧ್ಯದಲ್ಲಿ ರೋಮಾಪುರದಲ್ಲಿ ಬರೆದ ಹುತಾತ್ಮ ಜಸ್ಟಿನ್ ಕೂಡ, ಭಾನುವಾರದ ಆರಾಧನೆಯಲ್ಲಿ ಅನುಕೂಲವುಳ್ಳವರು ತಮಗೆ ಮನಸ್ಸಿದ್ದಷ್ಟನ್ನು ಕೊಡುತ್ತಾರೆ, ಅದು ಅನಾಥರಿಗೆ, ವಿಧವೆಯರಿಗೆ, ರೋಗಿಗಳಿಗೆ, ಸೆರೆಯವರಿಗೆ, ಪರಸ್ಥಳದಿಂದ ಬಂದವರಿಗೆ ಸಲ್ಲುತ್ತದೆ ಎಂದು ದಾಖಲಿಸಿದ್ದಾನೆ. ಕಡ್ಡಾಯದ ದಶಮಾಂಶ ಬಹಳ ಕಾಲದ ಮೇಲೆ ಬಂತು: 585ರಲ್ಲಿ ಫ್ರಾನ್ಸಿನ ಮಾಕೋನ್‌ನಲ್ಲಿ ಕೂಡಿದ ಸಭಾಧ್ಯಕ್ಷರ (ಬಿಷಪರ) ಪರಿಷತ್ತು ಕೊಡದವರಿಗೆ ಬಹಿಷ್ಕಾರ ವಿಧಿಸಿತು, 779ರಲ್ಲಿ ಶಾರ್ಲಮೇನ್ ದೊರೆ ಅದನ್ನು ರಾಜ್ಯದ ಕಾನೂನನ್ನಾಗಿಸಿದ. ಕೊಟ್ಟರೆ ನೂರ್ಮಡಿ ಹಣ ಹಿಂತಿರುಗುತ್ತದೆ ಎಂಬ ಬಿತ್ತನೆಯ ಕಾಣಿಕೆಯ ಬೋಧನೆ ಇನ್ನೂ ಹೊಸದು. ಇಪ್ಪತ್ತನೆಯ ಶತಮಾನದ ಅಮೆರಿಕದ ಟಿವಿ ಬೋಧಕರಿಂದ ಹರಡಿ ನಮ್ಮ ಊರುಗಳಿಗೆ ಬಂದದ್ದು.

ಬಡ ವಿಧವೆಯೊಬ್ಬಳು ದೇವಾಲಯದ ಕಾಣಿಕೆ ಪೆಟ್ಟಿಗೆಗೆ ಹಾಕಿದ ಎರಡು ಕಾಸಿನ ವಿಷಯವನ್ನು ನಿಮಗೂ ಹೇಳಿರುತ್ತಾರೆ. ಅದನ್ನು ನಾನು ಸ್ವಲ್ಪ ನಿಧಾನವಾಗಿ ಓದಬೇಕೆಂದು ಬಯಸುತ್ತೇನೆ. ಅವಳು ಹಾಕಿದ ಎರಡು ಕಾಸು ಒಂದು ದಿನಾರಿಯ 64ನೆಯ ಒಂದು ಭಾಗ. ದಿನಾರಿಯೆಂದರೆ ಒಬ್ಬ ಕೂಲಿಯ ಒಂದು ದಿನದ ಸಂಬಳ. ಇಂದು ದಿನಕ್ಕೆ 640 ರೂಪಾಯಿ ದುಡಿಯುವವರ ಲೆಕ್ಕದಲ್ಲಿ ಅದು ಹತ್ತು ರೂಪಾಯಿ. ಅವಳ ಜೀವನಕ್ಕೆ ಇದ್ದದ್ದೇ ಅಷ್ಟು, ಅದನ್ನೆಲ್ಲ ಹಾಕಿಬಿಟ್ಟಳು ಎಂದು ಯೇಸು ಶಿಷ್ಯರನ್ನು ಕರೆದು ತೋರಿಸಿದನು. ಐಶ್ವರ್ಯವಂತರ ದೊಡ್ಡ ಕಾಣಿಕೆಗಳಿಗಿಂತ ಅದನ್ನು ಹೆಚ್ಚೆಂದು ಎಣಿಸಿದನು. ಈ ಗೌರವ ಅವಳಿಗೆ ಸಲ್ಲಲೇಬೇಕು. ಆದರೆ ಮಾರ್ಕನ ಸುವಾರ್ತೆಯಲ್ಲಿ ಇದರ ಹಿಂದಿನ ವಚನದಲ್ಲೇ, ಉದ್ದವಾದ ಪ್ರಾರ್ಥನೆಗಳ ನೆಪದಲ್ಲಿ ವಿಧವೆಯರ ಮನೆಗಳನ್ನು ನುಂಗುವ ಶಾಸ್ತ್ರಿಗಳಿಗೆ ಹೆಚ್ಚಿನ ದಂಡನೆಯಾಗುವುದೆಂದು ಆತನು ಹೇಳಿದ್ದಾನೆ; ಮುಂದಿನ ವಚನಗಳಲ್ಲಿ, ಶಿಷ್ಯರು ದೇವಾಲಯದ ಕಟ್ಟಡವನ್ನು ಕೊಂಡಾಡಿದಾಗ ಇಲ್ಲಿ ಕಲ್ಲಿನ ಮೇಲೆ ಕಲ್ಲು ಉಳಿಯುವುದಿಲ್ಲ ಎಂದಿದ್ದಾನೆ. ಈ ಮೂರನ್ನೂ ಒಟ್ಟಿಗೆ ಓದಿದರೆ, ವಿಧವೆಯ ಉದಾರತೆಯು ದೇವರ ಮುಂದೆ ಎಷ್ಟು ದೊಡ್ಡದೋ ಅವಳ ಕೊನೆಯ ಕಾಸನ್ನು ಎದುರುನೋಡುವ ವ್ಯವಸ್ಥೆಯ ಹೊಣೆಯೂ ಅಷ್ಟೇ ದೊಡ್ಡದೆಂದು ತಿಳಿಯುತ್ತದೆ. ಬಡವಳು ತಾನಾಗಿ ಎಲ್ಲವನ್ನೂ ಕೊಡುವುದು ಒಂದು. ಎಲ್ಲವನ್ನೂ ಕೊಡು ಎಂದು ಬಡವಳನ್ನು ಒತ್ತಾಯಿಸುವುದು ಬೇರೆಯೇ. ಎರಡನೆಯದಕ್ಕೆ ಈ ವಚನವನ್ನು ಬಳಸುವವರು ಅದರ ಹಿಂದಿನ ವಚನದ ಎಚ್ಚರಿಕೆಗೆ ತಾವೇ ಗುರಿಯಾಗುತ್ತಾರೆ.

ನಿಮ್ಮ ಪತ್ರದಲ್ಲಿ ನನ್ನ ಮನಸ್ಸನ್ನು ಹೆಚ್ಚು ಹಿಡಿದದ್ದು ತಾಯಿಯ ವಿಷಯ. ಇದಕ್ಕೆ ಯೇಸುವಿನ ನೇರವಾದ ಉತ್ತರವೇ ಇದೆ. ಮಾರ್ಕನ ಏಳನೆಯ ಅಧ್ಯಾಯದಲ್ಲಿ, ಕೆಲವರು ತಂದೆತಾಯಿಗೆ ಸಲ್ಲಬೇಕಾದ ಹಣವನ್ನು ಕೊರ್ಬಾನ್, ಅಂದರೆ ದೇವರಿಗೆ ಮೀಸಲು ಎಂದು ಹೇಳಿ, ಅವರಿಗೆ ಏನೂ ಮಾಡದೆ ಕೈತೊಳೆದುಕೊಳ್ಳುತ್ತಿದ್ದುದನ್ನು ಆತನು ಎತ್ತಿ ಹೇಳುತ್ತಾನೆ; ಇದರಿಂದ ದೇವರ ವಾಕ್ಯವನ್ನೇ ನಿರರ್ಥಕ ಮಾಡುತ್ತೀರಿ ಎಂದು ಬಹಳ ಕಟುವಾಗಿ ಖಂಡಿಸುತ್ತಾನೆ. ದೇವಾಲಯದ ಕಾಣಿಕೆಗಿಂತ ತಾಯಿಯ ಊಟ ಮತ್ತು ಔಷಧಿ ಮೊದಲು ಎಂದು ಹೇಳಿದವನು ದೇವಾಲಯದ ಒಡೆಯನೇ. ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರದ ಐದನೆಯ ಅಧ್ಯಾಯ, ಮಕ್ಕಳು ಮೊದಲು ತಮ್ಮ ಸ್ವಂತ ಮನೆಯವರಿಗೆ ಭಕ್ತಿ ತೋರಿಸಿ ಹೆತ್ತವರ ಋಣ ತೀರಿಸಲು ಕಲಿಯಲಿ, ಅದು ದೇವರಿಗೆ ಮೆಚ್ಚಿಕೆಯಾದದ್ದು ಎನ್ನುತ್ತದೆ. ಸ್ವಂತದವರನ್ನು ನೋಡಿಕೊಳ್ಳದವನು ನಂಬಿಕೆಯಿಲ್ಲದವನಿಗಿಂತ ಕಡೆ ಎಂದೂ ಎಚ್ಚರಿಸುತ್ತದೆ. ಅದು ದಶಮಾಂಶದಲ್ಲಿ ಸೇರುತ್ತದೆಯೇ ಎಂದು ಕೇಳಿದಿರಿ. ಆ 4,000 ರೂಪಾಯಿಯನ್ನು ದಶಮಾಂಶದ ಪಟ್ಟಿಯಲ್ಲಿ ಬರೆಯುವುದಕ್ಕಿಂತ, ಅದು ನೀವು ದೇವರಿಗೆ ತೋರುವ ವಿಧೇಯತೆಯೆಂದು ತಿಳಿದು ಪಟ್ಟಿಯ ಹೊರಗೇ ಇಟ್ಟುಬಿಡಿ ಎಂಬುದು ನನ್ನ ಸಲಹೆ. ತಾಯಿಗೆ ಕೊಟ್ಟದ್ದನ್ನು ಕಾಣಿಕೆಯ ಲೆಕ್ಕದಲ್ಲಿ ಕಳೆಯಲು ಹೊರಟರೆ ಮುಂದೊಂದು ದಿನ ಔಷಧಿಯ ಬೆಲೆ ಏರಿದಾಗ ಮನಸ್ಸು ಮತ್ತೆ ತಕ್ಕಡಿ ಹಿಡಿಯುತ್ತದೆ. ಯಾರಿಗೂ ಲೆಕ್ಕ ಒಪ್ಪಿಸದೆ, ಯಾವ ಸಭೆಯಿಂದಲೂ ರಸೀದಿ ಕೇಳದೆ ಅದನ್ನು ಕಳಿಸುತ್ತಿರಿ.

ಪೂರ್ತಿ ಸಂಬಳವೋ ಕೈಗೆ ಬಂದದ್ದೋ ಎಂಬ ಪ್ರಶ್ನೆಗೆ ಬೈಬಲಿನಲ್ಲಿ ಉತ್ತರವಿಲ್ಲ, ಏಕೆಂದರೆ ಅಲ್ಲಿ ಪಿಎಫ್ ಇರಲಿಲ್ಲ. ಕೈಗೆ ಬಂದದ್ದರ ಮೇಲೆ ಲೆಕ್ಕ ಹಾಕಿದರೆ ಏನೂ ತಪ್ಪಿಲ್ಲ. ಪಿಎಫ್ ಹಣ ಕೈಗೆ ಬಂದ ದಿನ ಅದರ ವಿಚಾರ ಮಾಡಬಹುದು. ಇದಕ್ಕಿಂತ ಹೆಚ್ಚು ಹೊತ್ತು ಈ ಲೆಕ್ಕಕ್ಕೆ ಕೊಡುವ ಅಗತ್ಯವಿಲ್ಲ.

ಇಂಥ ಭಯದ ಬೋಧನೆ ಏಕೆ ಇಷ್ಟು ಬೇರೂರಿದೆ ಎಂಬುದನ್ನು ಹೇಳದಿದ್ದರೆ ನಿಮ್ಮ ಪಾಸ್ಟರ್ ಅವರಿಗೆ ಅನ್ಯಾಯವಾದೀತು. ನಮ್ಮ ಹಳೆಯ ಸಭೆಗಳಲ್ಲಿ ಪಾಲಕರಿಗೆ ಸಂಬಳ, ವಾಸಕ್ಕೆ ಮನೆ, ವರ್ಗಾವಣೆ, ನಿವೃತ್ತಿಯ ಬಳಿಕ ಏನಾದರೂ ಆಧಾರ ಇರುತ್ತದೆ. ಬಾಡಿಗೆಯ ಹಾಲ್‌ನಲ್ಲಿ ಸಭೆ ನಡೆಸುವ ಸ್ವತಂತ್ರ ಪಾಸ್ಟರ್‌ಗೆ ಇವು ಯಾವುವೂ ಇಲ್ಲ. ತಿಂಗಳ ಬಾಡಿಗೆ, ಮಕ್ಕಳ ಫೀಸು, ಹೆಂಡತಿಯ ಆಸ್ಪತ್ರೆ ಖರ್ಚು ಎಲ್ಲವೂ ಭಾನುವಾರದ ಪೆಟ್ಟಿಗೆಯನ್ನೇ ನೆಚ್ಚಿಕೊಂಡಿರುವಾಗ ಪೀಠದ ಮಾತಿನಲ್ಲಿ ಆ ಆತಂಕ ಇಳಿಯುವುದುಂಟು. ಅನೇಕರು ತಮಗೆ ಗೊತ್ತಿಲ್ಲದೆಯೇ ತಮ್ಮ ಭಯವನ್ನು ಜನರ ಭಯವನ್ನಾಗಿ ಮಾಡುತ್ತಾರೆ. ಸುವಾರ್ತೆ ಸಾರುವವರು ಸುವಾರ್ತೆಯಿಂದಲೇ ಜೀವಿಸಬೇಕೆಂದು ಪೌಲನು ಕೊರಿಂಥದವರಿಗೆ ಬರೆದಿದ್ದಾನೆ, ಮತ್ತು ಸಭೆಗೆ ಬಂದು ವಾಕ್ಯ ಕೇಳಿ, ಮಕ್ಕಳ ನಾಮಕರಣ ಮದುವೆಗಳಿಗೆ ಪಾಲಕರನ್ನು ಕರೆದು, ಅವರ ಮನೆಯ ಅಕ್ಕಿ ಬೇಳೆಯ ಬಗ್ಗೆ ಒಮ್ಮೆಯೂ ಯೋಚಿಸದ ಅನುಕೂಲಸ್ಥ ಕುಟುಂಬಗಳು ನಮ್ಮಲ್ಲಿ ಬೇಕಾದಷ್ಟಿವೆ. ದಶಮಾಂಶ ಕಡ್ಡಾಯವಲ್ಲ ಎಂಬ ಮಾತನ್ನು ಅವರು ಬಹಳ ಸಂತೋಷದಿಂದ ಕೇಳುತ್ತಾರೆ. ಆದರೆ ಆ ಮಾತು ಅವರಿಗಲ್ಲ. ತಿಂಗಳಿಗೆ ಎರಡು ಲಕ್ಷ ಬರುವವರಿಗೆ ಶೇಕಡಾ 10 ತೀರ ಕಡಿಮೆ. ಶ್ರೀಮಂತ ಸುಂಕದವನಾದ ಜಕ್ಕಾಯನು ತನ್ನ ಆಸ್ತಿಯ ಅರ್ಧವನ್ನು ಬಡವರಿಗೆ ಕೊಡುವುದಾಗಿ ಹೇಳಿದಾಗ, ಹತ್ತು ಸಾಕು ಎಂದು ಯೇಸು ಅವನನ್ನು ತಡೆಯಲಿಲ್ಲ. ನಿಮ್ಮ ಬಳೆಗಳನ್ನು ಕಳೆದುಕೊಳ್ಳುವ ಸ್ಥಿತಿ ಬಂದಿರುವುದರಲ್ಲಿ, ಕೊಡಬಲ್ಲವರು ಕೊಡದೆ ಉಳಿದದ್ದರ ಪಾಲೂ ಇದೆ.

ಆದರೂ ನೀವು ಕೊಡುವ ಹಣ ಎಲ್ಲಿ ಹೋಗುತ್ತದೆ ಎಂದು ಕೇಳುವುದು ಅವಿಶ್ವಾಸವಲ್ಲ. ಯೆರೂಸಲೇಮಿನ ಬಡವರಿಗಾಗಿ ಕೂಡಿಸಿದ ಹಣವನ್ನು ಪೌಲನು ತಾನೊಬ್ಬನೇ ಹೊತ್ತುಕೊಂಡು ಹೋಗಲಿಲ್ಲ. ತನ್ನ ಜೊತೆಗೆಲಸದವನಾದ ತೀತನನ್ನೂ ಸಭೆಗಳು ಒಪ್ಪಿದ ಸಹೋದರರನ್ನೂ ಜೊತೆಗೂಡಿಸಿದನು. ಈ ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ನಮ್ಮ ಮೇಲೆ ತಪ್ಪು ಹೊರಿಸಬಾರದು, ಕರ್ತನ ಮುಂದೆ ಮಾತ್ರವಲ್ಲ ಮನುಷ್ಯರ ಮುಂದೆಯೂ ಯೋಗ್ಯವಾದದ್ದನ್ನು ಮಾಡುತ್ತೇವೆ ಎಂದು ಬರೆದನು. ಸಭೆಗೆ ಪಾಸ್ಟರ್ ಅಲ್ಲದ ಖಜಾಂಚಿ ಇದ್ದಾರೆಯೇ, ಕಾಣಿಕೆಯನ್ನು ಇಬ್ಬರು ಕೂಡಿ ಎಣಿಸುತ್ತಾರೆಯೇ, ವರ್ಷಕ್ಕೊಮ್ಮೆ ಲೆಕ್ಕ ಓದುತ್ತಾರೆಯೇ, ಗೋಡೆಗೆ ಅಂಟಿಸಿದ ಕ್ಯೂಆರ್ ಕೋಡ್ ಸಭೆಯ ಖಾತೆಯದೋ ಪಾಸ್ಟರ್ ಅವರ ಸ್ವಂತ ಖಾತೆಯದೋ, ಕಟ್ಟಡದ ನಿಧಿಗೆ ಬಂದ ಹಣದಿಂದ ನಿವೇಶನ ಕೊಂಡಿದ್ದರೆ ಅದರ ಪತ್ರ ಯಾರ ಹೆಸರಿನಲ್ಲಿದೆ ಎಂಬುದನ್ನು ಕೇಳಿ. ಈ ಪ್ರಶ್ನೆಗಳಿಗೆ ಸಮಾಧಾನದ ಉತ್ತರ ಸಿಗುವ ಸಣ್ಣ ಸಭೆಗಳು ಬಹಳ ಇವೆ. ಕೇಳಿದ್ದಕ್ಕೇ ನಿಮ್ಮನ್ನು ದಂಗೆಕೋರರೆಂದು ಕರೆದರೆ ಅದನ್ನೂ ಒಂದು ಉತ್ತರವೆಂದೇ ತಿಳಿಯಿರಿ.

ಈಗ ನಿಮ್ಮ ಮುಂದಿರುವ ದಾರಿಗಳನ್ನು ನೋಡೋಣ. ಕೈಗೆ ಬರುವ ಸಂಬಳದ ಹತ್ತರಲ್ಲೊಂದಾದ 2,400ನ್ನು ತಿಂಗಳು ತಿಂಗಳೂ ಕೊಡುತ್ತ, ಬಾಕಿಗೆ ಬಳೆಗಳನ್ನೂ ಅಡವಿಡುವುದು ಒಂದು ದಾರಿ. ಅದರ ಅಪಾಯ ಕಣ್ಣಿಗೆ ಕಾಣುವಂಥದ್ದು: ಕಂತು, ಔಷಧಿ, ಮಗನ ಚಿಕಿತ್ಸೆಯ ಖರ್ಚುಗಳ ನಡುವೆ ಬಡ್ಡಿ ನಿಂತರೆ ಸಾಲ ಕೊಟ್ಟವರು ನೋಟಿಸ್ ಕಳಿಸಿ ಒಡವೆಯನ್ನು ಹರಾಜು ಹಾಕುತ್ತಾರೆ. ಇನ್ನೊಂದು ದಾರಿ, ಸಾಲ ತೀರುವವರೆಗೆ ಕಾಣಿಕೆಯನ್ನು ಪೂರ್ತಿ ನಿಲ್ಲಿಸುವುದು. ಇದನ್ನು ಪಾಪವೆಂದು ನಾನು ಹೇಳಲಾರೆ, ಸಾಲ ತೀರಿಸುವುದೂ ಧರ್ಮವೇ. ಆದರೆ ಹಾಗೆ ನಿಲ್ಲಿಸಿದ ಅನೇಕರು ಸಾಲ ತೀರಿದ ಮೇಲೂ ಮತ್ತೆ ಆರಂಭಿಸದೆ ಹೋದದ್ದನ್ನು ನೋಡಿದ್ದೇನೆ. ಬರೀ ಹಣವಲ್ಲ, ಆರಾಧನೆಯಲ್ಲಿ ಬರಿಗೈಲಿ ನಿಲ್ಲುವ ಮುಜುಗರದಿಂದ ಕೆಲವರು ಸಭೆಗೆ ಬರುವುದನ್ನೇ ಬಿಟ್ಟರು. ನಾನು ಸೂಚಿಸುವ ಮೂರನೆಯ ದಾರಿಯೆಂದರೆ, ಬಡ್ಡಿ, ಕಂತು, ತಾಯಿಯ ಹಣ, ಮನೆಯ ಅಕ್ಕಿಬೇಳೆಯನ್ನು ಬೇರೆ ತೆಗೆದಿಟ್ಟು, ಉಳಿದದ್ದರಲ್ಲಿ ನೀವೂ ಯಜಮಾನರೂ ಕೂಡಿ ಒಪ್ಪಿದ ಒಂದು ಸಣ್ಣ ಮೊತ್ತವನ್ನು, ಅದು 300 ಆಗಲಿ 500 ಆಗಲಿ, ಪ್ರತಿ ತಿಂಗಳೂ ತಪ್ಪದೆ ಕೊಡುವುದು. ಸರ ಬಿಡಿಸಿದ ಮೇಲೆ ಅದನ್ನು ಹೆಚ್ಚಿಸುವುದು. ಇದರಲ್ಲೂ ತೊಂದರೆಯಿದೆ: ಕೊಟ್ಟವರ ಹೆಸರು, ಮೊತ್ತ ಓದುವ ರೂಢಿಯಿರುವ ಸಭೆಯಲ್ಲಿ ನಿಮ್ಮ ಮೊತ್ತ ಕೇಳಿ ಜನ ಆಡಿಕೊಳ್ಳಬಹುದು. ಎಡಗೈಗೆ ತಿಳಿಯದಂತೆ ಬಲಗೈ ಕೊಡಲಿ ಎಂಬ ಮಾತು ಓದುವವರಿಗೆ ನೆನಪಿರಬೇಕಾಗಿತ್ತು. ನಿಮ್ಮ ಮನಸ್ಸು ಅಷ್ಟಕ್ಕೆ ಕುಗ್ಗುವುದು ಬೇಡ.

ಸಣ್ಣ ಮೊತ್ತದ ಬಗ್ಗೆ ನಾಚಿಕೆಪಡುವವರಿಗೆ ನಮ್ಮ ಸಭೆಗಳ ಇತಿಹಾಸವನ್ನೇ ಹೇಳುತ್ತೇನೆ. ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ನಿಮ್ಮ ಹುಬ್ಬಳ್ಳಿಗೆ ಬಂದರು. ಆ ಮಿಷನ್‌ಗೆ ಶ್ರೀಮಂತ ವರ್ತಕರ ನೆರವಿದ್ದದ್ದು ನಿಜ. ಆದರೆ ಹತ್ತೊಂಬತ್ತನೆಯ ಶತಮಾನದ ಮಧ್ಯದಿಂದ ಅದಕ್ಕೆ ದೊಡ್ಡ ಬಲವಾದದ್ದು ಅರ್ಧ ಬಾಟ್ಸನ್ ಸಂಗ್ರಹ: ಸ್ವಿಟ್ಜರ್ಲೆಂಡ್ ಮತ್ತು ದಕ್ಷಿಣ ಜರ್ಮನಿಯ ಸಾಮಾನ್ಯ ಮನೆಗಳವರು ವಾರಕ್ಕೆ ಐದು ರಾಪನ್ ಬೆಲೆಯ ಆ ಪುಟ್ಟ ನಾಣ್ಯವನ್ನು ಕೂಡಿಸಿ ಕಳಿಸುತ್ತಿದ್ದರು. ನೀವು ದೀಕ್ಷಾಸ್ನಾನ ಪಡೆದಂಥ ಸಭೆಗಳು ಬೆಳೆದದ್ದರಲ್ಲಿ ಆ ಕಾಸುಗಳ ಪಾಲಿದೆ. ನಮ್ಮ ಕಡೆಯ ಅಡುಗೆಮನೆಗಳಲ್ಲೂ ಅನ್ನಕ್ಕಿಡುವಾಗ ಒಂದು ಹಿಡಿ ಅಕ್ಕಿಯನ್ನು ಬೇರೆ ಡಬ್ಬಿಗೆ ಹಾಕಿ ಸಭೆಗೋ ಬಡವರಿಗೋ ಕೊಡುವ ಹೆಂಗಸರಿದ್ದಾರೆ. ಸುಗ್ಗಿ ಹಬ್ಬದಲ್ಲಿ ಒಬ್ಬರು ತಂದ ಒಂದೇ ಕುಂಬಳಕಾಯಿ ಏಲಂನಲ್ಲಿ ಕೈಯಿಂದ ಕೈಗೆ ಹೋಗಿ ದೊಡ್ಡ ಮೊತ್ತವಾಗುತ್ತದೆ. ನಿಮ್ಮಲ್ಲಿ ಹಣವಲ್ಲದ ಇನ್ನೊಂದು ಸಂಪತ್ತೂ ಇದೆ. ತಿಂಗಳಿಗೊಮ್ಮೆ ಆರಾಧನೆಯ ನಂತರ ಸಭೆಯ ವೃದ್ಧರ ರಕ್ತದೊತ್ತಡ, ಸಕ್ಕರೆ ಪರೀಕ್ಷಿಸಿ, ಯಾರು ವೈದ್ಯರ ಬಳಿ ಹೋಗಬೇಕೆಂದು ಹೇಳಿದರೆ, ಅದು ಎಷ್ಟೋ ಸಾವಿರಗಳ ಕಾಣಿಕೆಗೆ ಸಮ. ಹಾಗೆಂದು ಹಗಲು ರಾತ್ರಿ ಪಾಳಿ ಮುಗಿಸಿ ಬಂದ ನಿಮ್ಮ ಮೇಲೆ ಅದನ್ನೂ ಹೊರೆಯಾಗಿ ಹೊರಿಸಲು ಯಾರಿಗೂ ಬಿಡಬೇಡಿ.

ಯಜಮಾನರಿಗೆ ಸರದ ವಿಷಯವನ್ನು ಈ ವಾರವೇ ಹೇಳಿಬಿಡಿ. ಅವರು ಸಿಟ್ಟಾಗಬಹುದು, ಸಿಟ್ಟಾಗಲು ಅವರಿಗೆ ಕಾರಣವೂ ಇದೆ. ಆದರೆ ಹರಾಜಿನ ನೋಟಿಸ್ ಮನೆಗೆ ಬಂದಾಗ ತಿಳಿಯುವುದಕ್ಕಿಂತ ಇಂದು ನಿಮ್ಮ ಬಾಯಿಂದ ತಿಳಿಯುವುದು ಒಳ್ಳೆಯದು. ಅಡವಿನ ಚೀಟಿಯನ್ನು ಅವರ ಕೈಗೇ ಕೊಡಿ, ಬಡ್ಡಿ ಎಷ್ಟು, ಗಡುವು ಯಾವಾಗ ಎಂಬುದನ್ನು ಇಬ್ಬರೂ ಕೂತು ಬರೆದುಕೊಳ್ಳಿ, ಅಸಲಿನಲ್ಲಿ ಸ್ವಲ್ಪ ಸ್ವಲ್ಪ ಕಟ್ಟುತ್ತ ಹೋಗಲು ಸಾಧ್ಯವೇ ಎಂದು ಸಾಲ ಕೊಟ್ಟವರಲ್ಲಿ ವಿಚಾರಿಸಿ. ಮನೆಯಲ್ಲಿ ಮುಚ್ಚಿಟ್ಟು ಕೊಟ್ಟ ಕಾಣಿಕೆಯಿಂದ ಮನೆಯವರ ನಡುವಿನ ನಂಬಿಕೆ ಒಡೆದರೆ ಅದನ್ನು ಯಾವ ಕಟ್ಟಡವೂ ತುಂಬಿಕೊಡದು.

ಉಳಿದದ್ದು ವಾಗ್ದಾನದ ಚೀಟಿಯ 20,000. ಹರಕೆ ಹೊತ್ತ ಮೇಲೆ ತೀರಿಸಲು ತಡಮಾಡಬೇಡ ಎಂದು ಬೈಬಲಿನ ಪ್ರಸಂಗಿ ಎಂಬ ಪುಸ್ತಕ ಹೇಳುತ್ತದೆ, ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಆದರೆ ಹರಕೆಗಳ ಕುರಿತೇ ಇರುವ ಯಾಜಕಕಾಂಡದ 27ನೆಯ ಅಧ್ಯಾಯದ ಎಂಟನೆಯ ವಚನವನ್ನು ನಿಮಗೆ ಯಾರೂ ತೋರಿಸಿದಂತಿಲ್ಲ: ಹರಕೆ ಹೊತ್ತವನು ನಿಗದಿಯಾದ ಮೊತ್ತ ಕೊಡಲಾಗದಷ್ಟು ಬಡವನಾಗಿದ್ದರೆ ಅವನನ್ನು ಯಾಜಕನ ಮುಂದೆ ನಿಲ್ಲಿಸಬೇಕು, ಯಾಜಕನು ಹರಕೆ ಹೊತ್ತವನ ಸ್ಥಿತಿಗೆ ತಕ್ಕಂತೆ ಮೊತ್ತವನ್ನು ಇಳಿಸಬೇಕು. ಅಂದರೆ ಮಾತು ಕೊಟ್ಟವನ ಕೈಲಾಗದಾಗ ಹೊರೆ ಇಳಿಸುವ ಕೆಲಸವನ್ನು ಧರ್ಮಶಾಸ್ತ್ರ ಯಾಜಕನ ಮೇಲೆಯೇ ಹಾಕಿದೆ. ನೀವೂ ಯಜಮಾನರೂ ಒಟ್ಟಿಗೆ ಹೋಗಿ ಪಾಸ್ಟರ್ ಅವರ ಮುಂದೆ ಆ ವಚನವನ್ನು ತೆರೆದಿಟ್ಟು, ನಮ್ಮ ಮನೆಯ ಲೆಕ್ಕ ಇದು, ಸಾಲ ಮಾಡಿ ಕೊಡಲಾರೆವು, ಬಾಕಿಯನ್ನು ಇಳಿಸಿಕೊಡಿ ಅಥವಾ ಬಿಟ್ಟುಬಿಡಿ ಎಂದು ಗೌರವದಿಂದಲೇ ಕೇಳಿ. ಅವರು ಒಳ್ಳೆಯ ಪಾಲಕರಾಗಿದ್ದರೆ ಚೀಟಿಯನ್ನು ನಿಮ್ಮ ಕೈಗೆ ಕೊಟ್ಟು ನಿಮ್ಮ ಮಗನಿಗಾಗಿ ಪ್ರಾರ್ಥಿಸುತ್ತಾರೆ. ಮತ್ತೆ ಶಾಪದ ಮಾತೆತ್ತಿದರೆ, ಎರಡು ಮಾತಾಡದೆ ಎದ್ದು ಬನ್ನಿ. ನೀವು ಬೆಳೆದ ಹಳೆಯ ಸಭೆಯ ಬಾಗಿಲು ಇನ್ನೂ ತೆರೆದಿದೆ, ಅಲ್ಲಿಯ ಅಯ್ಯನವರಿಗೆ ಈ ಪತ್ರ ತೋರಿಸಿ. ಏನೇ ಆಗಲಿ, ಬಳೆಗಳನ್ನು ಅಡವಿಡಬೇಡಿ.